ಮಳೆಗಾಲದ ಪಥ್ಯ

ದೇವನೂರು
ಜ್ಯೇಷ್ಠ ಬಹುಳ, ತಾ. ೨೩ ಜೂನ್ ೧೯೧೩

ತೀರ್ಥರೂಪು ಅಪ್ಪಾಜಿಯವರಿಗೆ ಮಗಳು ಕರಿಬಸಮ್ಮನ ಶರಣಾರ್ಥಿಗಳು. ಈ ಕಡೆ ಮಳೆ ಬೆಳೆ ಚೆನ್ನಾಗಿದ್ದು ಮನೆಯಲ್ಲಿ ಎಲ್ಲರೂ ಸುಖವಾಗಿದ್ದೇವೆ. ತರೀಕೆರೆಯಲ್ಲಿ ನೀವೂ ಅವ್ವನೂ ಹೇಗಿದ್ದೀರಿ ಎಂಬುದಕ್ಕೆ ಎರಡು ಸಾಲು ಬರೆಯಿರಿ.

ಈ ಕಾಗದ ಬರೆಸುತ್ತಿರುವವರು ನಮ್ಮ ಅತ್ತೆ. ಹುಣಸೆಹಣ್ಣಿನ ಬೀಜ ತೆಗೆಯುತ್ತ ಪಕ್ಕದಲ್ಲೇ ಕೂತಿದ್ದಾರೆ. ಬರೆದದ್ದನ್ನೆಲ್ಲ ಕೊನೆಗೆ ಓದಿ ಹೇಳಬೇಕೆಂದು ಕರಾರು. ಹೋದ ವರ್ಷ ಇದೇ ಹೊತ್ತಿಗೆ ಕಾಲು ಊದಿಸಿಕೊಂಡು ತರೀಕೆರೆಗೆ ನಿಮ್ಮಲ್ಲಿಗೆ ಬಂದದ್ದು, ಎರಡು ತಿಂಗಳು ನಿಮ್ಮ ಪಥ್ಯ ಮಾಡಿದ್ದು, ವಾಪಸು ಬಂದ ದಿನ ಗಾಡಿಯಿಂದ ಯಾರ ಕೈಯನ್ನೂ ಹಿಡಿಯದೆ ಇಳಿದದ್ದು, ಇವಿಷ್ಟನ್ನೂ ಬಾವಿಕಟ್ಟೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಕೇಳಿದವರೇ ಮತ್ತೆ ಕೇಳಬೇಕು.

ಈ ವರ್ಷವೂ ಪಾದದ ಮೇಲೆ ಸ್ವಲ್ಪ ಊತ ಕಾಣುತ್ತಿದೆ. "ಈ ಸಲಿ ಬೀಗರಿಗೆ ತೊಂದ್ರೆ ಕೊಡಾದು ಬ್ಯಾಡ ಕಣವ್ವ. ಮಳೆಗಾಲಕ್ಕೆ ಏನೇನು ಉಣ್ಬೇಕು, ಎಂಗಿರ್ಬೇಕು ಅಂತ ಒಂದು ಚೀಟಿ ಬರ್ಕೊಡ್ಲಿ. ಅವ್ರು ಯೋಳ್ದಂಗೆ ನಾನಿರ್ತೀನಿ" ಎನ್ನುತ್ತಾರೆ. ಇವರಂತೂ "ನಮ್ಮವ್ವಂಗೆ ಲಿಂಗಪೂಜೆ ಬಿಟ್ರೆ ನಿಮ್ಮಪ್ಪಾಜಿ ಮಾತೇ" ಎಂದು ನಗುತ್ತಾರೆ. ನಗುವುದು ಮೇಲೆ ಮಾತ್ರ. ನಿಮ್ಮ ಮೇಲೆ ಇವರಿಗಿರುವ ಭಕ್ತಿ ಅತ್ತೆಯವರದಕ್ಕಿಂತ ಒಂದು ತೂಕ ಹೆಚ್ಚೇ.

ನೀವೇ ಒಂದು ಸಲ ಬಂದು ನಾಡಿ ನೋಡಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಮದುವೆಯಾಗಿ ಮೂರು ವರ್ಷವಾಯಿತು, ನೀವು ಈ ಊರಿಗೆ ಬಂದದ್ದು ಒಂದೇ ಸಲ, ಅದೂ ಶಿವರಾತ್ರಿಯಲ್ಲಿ. ಅವ್ವನನ್ನೂ ಕರೆದುಕೊಂಡು ಬನ್ನಿ.

ನಿಮ್ಮ ಮಗಳು,
ಕರಿಬಸಮ್ಮ


ತರೀಕೆರೆ
ಜ್ಯೇಷ್ಠ ಬಹುಳ, ತಾ. ೨ ಜುಲೈ ೧೯೧೩

ಚಿ. ಸೌ. ಕರಿಬಸಮ್ಮನಿಗೆ ತಂದೆ ಪಂಚಾಕ್ಷರಪ್ಪನ ಆಶೀರ್ವಾದ.

ಕಾಗದ ಬಂತು. ಉತ್ತರಕ್ಕೆ ತಡವಾಯಿತೆಂದು ನಿಮ್ಮವ್ವ ದಿನಾ ಬೆಳಿಗ್ಗೆ ನನ್ನ ಮುಂದೆ ಮಸಿಕುಡಿಕೆ ತಂದಿಟ್ಟು ಹೋಗುತ್ತಿದ್ದಾಳೆ. ಇಲ್ಲಿ ಮೃಗಶಿರೆಯಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಬೇರುಗಳಿಗೆಲ್ಲ ಬೂಷ್ಟು ಹಿಡಿದು ಒಲೆಯ ಮೇಲೆ ಹರಡಿದ್ದೇನೆ, ಮನೆಯೆಲ್ಲ ಅಮೃತಬಳ್ಳಿಯ ವಾಸನೆ. ನಿಮ್ಮಲ್ಲೂ ಮಳೆ ಚೆನ್ನಾಗಿದೆಯೆಂದು ಬರೆದಿದ್ದೀಯೆ, ಸಂತೋಷ. ಹಾಗಿದ್ದ ಮೇಲೆ ಹೊಸದಾಗಿ ಯೋಚಿಸುವುದೇನೂ ಇಲ್ಲ. ಹೋದ ವರ್ಷದ ಪಥ್ಯವೇ ಈ ವರ್ಷಕ್ಕೂ.

ಇದನ್ನೇ ಬೇರೆ ಚೀಟಿಯಲ್ಲೂ ಬರೆದು ಜೊತೆಗಿಟ್ಟಿದ್ದೇನೆ, ಬೀಗಿತ್ತಿಗೆ ಓದಿ ಹೇಳು. ಮಳೆಗಾಲದಲ್ಲಿ ಹೊಟ್ಟೆಯ ಬೆಂಕಿ ಮಂದ, ವಾತಕ್ಕೆ ಹುಮ್ಮಸ್ಸು. ಹೊಸ ಅಕ್ಕಿ ಬೇಡ, ಹಳೆಯದು. ಹುರುಳಿ ಕಟ್ಟಿನ ಸಾರಿಗೆ ಶುಂಠಿ, ಹಿಪ್ಪಲಿ ಧಾರಾಳವಾಗಿ ಬೀಳಲಿ. ಮೊಸರು, ಮಜ್ಜಿಗೆ, ಎಳನೀರು ಮುಟ್ಟುವಂತಿಲ್ಲ. ಎಳ್ಳೆಣ್ಣೆ ಹಚ್ಚಿ ಸುಡುನೀರು ಹುಯ್ಯಿ, ಸಂಜೆಗೆ ಲಕ್ಕಿ ಸೊಪ್ಪಿನ ಹೊಗೆ ಹಾಕು. ಹಗಲು ನಿದ್ದೆ ಕೂಡದು. ನೀರನ್ನು ಅರ್ಧಕ್ಕೆ ಇಳಿಯುವಂತೆ ಕಾಯಿಸಿ, ಚೂರು ಜೇನು ಹಾಕಿ, ದಿನಕ್ಕೆ ಎರಡು ಚೊಂಬು. ಅದಕ್ಕೆ ಮೀರಿದರೆ ಊತ ಮತ್ತೆ ಏರುತ್ತದೆ. ಬಾಯಾರಿತು ಎಂದರೆ ಮುಕ್ಕಳಿಸಿ ಉಗುಳಲಿ. ಮಳೆಗಾಲದ ಬಾಯಾರಿಕೆ ಮುಕ್ಕಾಲು ಪಾಲು ಅಭ್ಯಾಸ, ಕಾಲು ಪಾಲು ಚಪಲ.

ಒಂದೇ ದಿನಕ್ಕೆ ಎಲ್ಲ ಬದಲಾಯಿಸಬೇಡ. ಒಂದು ಋತು ಹೋಗಿ ಇನ್ನೊಂದು ಬರುವ ಸಂಧಿಯಲ್ಲಿ ಹಳೆಯ ಅಭ್ಯಾಸವನ್ನು ಸ್ವಲ್ಪ ಸ್ವಲ್ಪ ಬಿಡುತ್ತ, ಹೊಸದನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತ ಬರಬೇಕು. ಹದಿನೈದು ದಿನ ತೆಗೆದುಕೋ. ಆಮೇಲೆ ಹಸ್ತದ ಮಳೆಯವರೆಗೂ ಬಿಡಬಾರದು. ಶರತ್ಕಾಲದ ಚೀಟಿ ಆಗ ಕಳಿಸುತ್ತೇನೆ.

ಬರಬೇಕೆಂದು ನನಗೂ ಇದೆ. "ನಾಳೆ ನಾಳೆ ಅಂತೀರಲ್ಲ, ಅಳಿಯನ ಮನೆ ಏನು ಕಾಶೀಲಿದೆಯಾ" ಎಂದು ನಿಮ್ಮವ್ವನ ಒಗ್ಗರಣೆ ನಡೆದೇ ಇದೆ. ಈಗ ಇಲ್ಲಿ ಚಳಿಜ್ವರದ ಕಾಲ, ಜಗಲಿಯ ಮೇಲೆ ಜನ. ಶ್ರಾವಣದಲ್ಲಿ ನೋಡೋಣ.

ಇತಿ ಆಶೀರ್ವಾದ,
ಪಂಚಾಕ್ಷರಪ್ಪ


ದೇವನೂರು
ಶ್ರಾವಣ ಶುದ್ಧ, ತಾ. ೪ ಆಗಸ್ಟ್ ೧೯೧೩

ತೀರ್ಥರೂಪು ಅಪ್ಪಾಜಿಯವರಿಗೆ ಕರಿಬಸಮ್ಮನ ಶರಣಾರ್ಥಿಗಳು. ಈ ಕಡೆ ಮಳೆ ಬೆಳೆ ಚೆನ್ನಾಗಿದೆ.

ಪಥ್ಯ ನೀವು ಹೇಳಿದಂತೆಯೇ ನಡೆದಿದೆ. ಚೀಟಿಯನ್ನು ಇವರು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಪಾದದ ಊತ ಪೂರ್ತಿ ಇಳಿದಿದೆ, ಅತ್ತೆಯವರಿಗೆ ಅದೇ ಸಂಭ್ರಮ. ಅಂಗಾಲು ಅಂಗೈ ಉರಿಯುತ್ತವೆ ಎಂದು ರಾತ್ರಿ ಹೊರಳಾಡುತ್ತಾರೆ. ಮೂತ್ರಕ್ಕೆ ಹೋಗಿ ಬಂದರೆ ಬಹಳ ಹೊತ್ತು ಗೋಡೆ ಹಿಡಿದು ನಿಂತಿರುತ್ತಾರೆ. ನಿನ್ನೆ ಮೂಗಿನಿಂದ ನಾಲ್ಕು ಹನಿ ರಕ್ತ ಬಂತು. ಗಾಳಿಗೆ ಇರಬೇಕು ಎಂದರು. ಇಲ್ಲಿ ಗಾಳಿ ಬಹಳ ಅಪ್ಪಾಜಿ. ಬಾಗಿಲು ಹಾಕಿದ್ದರೂ ಮಣ್ಣು ಒಳಗೆ ನುಗ್ಗುತ್ತದೆ, ದಿನಕ್ಕೆ ಮೂರು ಸಲ ಗುಡಿಸುತ್ತೇನೆ.

ದಿನಕ್ಕೆ ಒಂದು ಲೋಟ ನೀರುಮಜ್ಜಿಗೆ ಕೊಡಬಹುದೇ? ಇದನ್ನು ಕೇಳುತ್ತಿರುವವಳು ನಾನು, ಅವರು ಕೇಳಿಲ್ಲ. ಶ್ರಾವಣ ಬಂತು, ನೀವು ಯಾವಾಗ ಬರುತ್ತೀರಿ? ಒಂದು ದಿನದ ಮಟ್ಟಿಗಾದರೂ ಬಂದು ಹೋಗಿ.

ಕರಿಬಸಮ್ಮ


ತರೀಕೆರೆ, ತಾ. ೧೦ ಆಗಸ್ಟ್ ೧೯೧೩
(ಕಾರ್ಡು)

ಚಿ. ಸೌ. ಕರಿಬಸಮ್ಮನಿಗೆ ಆಶೀರ್ವಾದ. ಕಾರ್ಡಿನಲ್ಲಿ ಜಾಗ ಕಡಿಮೆ. ಮಜ್ಜಿಗೆ ಕೂಡದು. ಊತ ಇಳಿದಿದೆ ಎಂದ ಮೇಲೆ ಪಥ್ಯ ಹಿಡಿದಿದೆ ಎಂದೇ ಅರ್ಥ, ನಡುವೆ ಕೈ ಹಾಕಿ ಕೆಡಿಸಬೇಡ. ಮೂಗಿಗೆ ಗರಿಕೆಯ ರಸ ಎರಡು ಹನಿ ಬಿಡು. ೧೩ಕ್ಕೆ ಅಜ್ಜಂಪುರದಲ್ಲಿ ಪಂಡಿತರ ಸಭೆ, ಋತುಚರ್ಯೆಯ ಬಗ್ಗೆ ಮಾತಾಡಲು ನನ್ನನ್ನೇ ಕರೆದಿದ್ದಾರೆ. ಶಾಲು ಹೊದಿಸುತ್ತಾರಂತೆ. ಸಾಧ್ಯವಾದರೆ ಬರುವಾಗ ಕಡೂರಿನಲ್ಲಿ ಇಳಿದು ನಿಮ್ಮಲ್ಲಿಗೆ ಬರುತ್ತೇನೆ. ದಾರಿ ಕಾಯುತ್ತ ಕೂರಬೇಡ.

ಪಂ.


ದೇವನೂರು
ಭಾದ್ರಪದ ಶುದ್ಧ, ತಾ. ೨ ಸೆಪ್ಟೆಂಬರ್ ೧೯೧೩

ಪೂಜ್ಯ ಮಾವನವರಿಗೆ ಅಳಿಯ ಷಡಕ್ಷರಿಯ ಶರಣಾರ್ಥಿಗಳು.

ನಮ್ಮ ತಾಯಿ ಕಲ್ಲಮ್ಮನವರು ಮೊನ್ನೆ ಭಾನುವಾರ ಬೆಳಿಗ್ಗೆ ಲಿಂಗೈಕ್ಯರಾದರು. ನಾಲ್ಕು ದಿನದಿಂದ ಜ್ವರ ಬಂದು ಮೂಗಿನಲ್ಲಿ ರಕ್ತ ನಿಲ್ಲಲಿಲ್ಲ. ಕಡೂರು ದವಾಖಾನೆಯ ಡಾಕ್ಟರನ್ನು ಕರೆತರಲು ಗಾಡಿ ಕಳಿಸಿದ್ದೆ, ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ಅದೇ ದಿನ ಸಂಜೆ ತೋಟದಲ್ಲಿ ಕ್ರಿಯೆ ಮಾಡಿದೆವು.

ನೀವು ಬರೆದುಕೊಟ್ಟ ನಿಯಮವನ್ನು ಅವ್ವ ಕೊನೆಯವರೆಗೂ ಮುರಿಯಲಿಲ್ಲ. ಅಷ್ಟು ದಿನವಾದರೂ ಉಳಿದದ್ದು ಆ ಪಥ್ಯದಿಂದ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೇನೆ. ಇದೇ ೧೦ನೇ ತಾರೀಖು ಗಣಾರಾಧನೆ. ತಾವು ತಪ್ಪದೆ ಬರಬೇಕು. ಕಡೂರು ಸ್ಟೇಷನ್ನಿಗೆ ನಮ್ಮ ಗಾಡಿ ಹೊಡೆಯುವ ಬೆನಕಪ್ಪನನ್ನು ಕಳಿಸುತ್ತೇನೆ.

ತಮ್ಮವನು,
ಷಡಕ್ಷರಿ


ತರೀಕೆರೆ
ಭಾದ್ರಪದ ಬಹುಳ, ತಾ. ೨೨ ಸೆಪ್ಟೆಂಬರ್ ೧೯೧೩

ಕರಿಬಸಮ್ಮ,

ಇದನ್ನು ಯಾರಿಗೂ ಓದಿ ಹೇಳಬೇಡ. ಒಬ್ಬಳೇ ಓದು.

ನಿಮ್ಮ ಮನೆಯಲ್ಲಿ ಎರಡು ದಿನ ಇದ್ದೆ. ನೀನು ನನ್ನ ಎದುರಿಗೆ ಒಂದು ಸಲವೂ ಒಂಟಿಯಾಗಿ ಸಿಗಲಿಲ್ಲ. ನಾನೂ ಹುಡುಕಿಕೊಂಡು ಒಳಗೆ ಬರಲಿಲ್ಲ. ಆದ್ದರಿಂದ ಅಲ್ಲಿ ಆಡಬೇಕಾಗಿದ್ದ ಮಾತನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಕಡೂರಿನಿಂದ ಗಾಡಿ ಹೊರಟಾಗ ಬೆಳಿಗ್ಗೆ ಎಂಟು ಗಂಟೆ. ಸ್ವಲ್ಪ ದೂರ ಹೋಗುವುದರಲ್ಲಿ ನನ್ನ ಅಂಗವಸ್ತ್ರ ಧೂಳಿಗೆ ಕೆಂಪಾಗಿತ್ತು. ಹೊಲದಲ್ಲಿ ರಾಗಿ ಗೇಣುದ್ದ ಬೆಳೆದು ಒಣಗಿ ನಿಂತಿದೆ. ಕೆರೆಯ ಅಂಗಳದಲ್ಲಿ ಎಮ್ಮೆಗಳು ಬರಿಯ ಮಣ್ಣಿನ ಮೇಲೆ ಮಲಗಿವೆ. "ಮಳೆ ನಿಂತು ಎಷ್ಟು ದಿನ ಆಯ್ತಪ್ಪ" ಎಂದು ಬೆನಕಪ್ಪನನ್ನು ಕೇಳಿದೆ. "ನಿಂತು ಅಂದ್ರೆ ಏನ್ ಬುದ್ಧಿ, ಬಂದಿದ್ರೆ ತಾನೆ ನಿಲ್ಲಾಕೆ. ಉಗಾದಿ ಆದ್ಮ್ಯಾಲೆ ಎರಡು ಸಲಿ ಹನೀತು, ಅಷ್ಟೇಯ" ಎಂದ.

ನನ್ನ ಪಥ್ಯ ಮಳೆ ಬೀಳುವ ನಾಡಿನದು. ತೇವಕ್ಕೆ, ತಂಪಿಗೆ, ಮಂದವಾದ ಹೊಟ್ಟೆಗೆ. ಒಣಗಾಳಿಯಲ್ಲಿ, ಉರಿಬಿಸಿಲಿನಲ್ಲಿ, ಅರವತ್ತು ದಾಟಿದ ಹೆಂಗಸಿಗೆ ಶುಂಠಿ ಹಿಪ್ಪಲಿ ಹುರುಳಿ ತಿನ್ನಿಸಿ, ಮಜ್ಜಿಗೆ ಕಿತ್ತುಕೊಂಡು, ನೀರನ್ನು ಎರಡು ಚೊಂಬಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಎಂದು ನನ್ನಲ್ಲಿ ಪಾಠ ಕಲಿಯುವ ಹುಡುಗರೂ ಹೇಳುತ್ತಾರೆ. ಪಿತ್ತ ಕೆರಳುತ್ತದೆ, ರಕ್ತ ಕೆಡುತ್ತದೆ, ಮೂತ್ರ ಕಟ್ಟುತ್ತದೆ. ನೀನು ಬರೆದ ಕಾಗದದಲ್ಲಿ ಮೂರೂ ಇದ್ದವು. ವಯಸ್ಸಾಗಿತ್ತು, ಬೇರೆ ಏನೋ ಇದ್ದೀತು ಎಂದು ನಿಮ್ಮವ್ವ ನನಗೆ ಸಮಾಧಾನ ಹೇಳುತ್ತಾಳೆ. ಇದ್ದೀತು. ನಾನು ಅದಕ್ಕೆ ಸೌದೆ ಒಟ್ಟಿದ್ದಂತೂ ನಿಜ.

ಮೊದಲು ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಮಳೆ ಚೆನ್ನಾಗಿದೆ ಎಂದು ಎರಡು ಸಲ ಬರೆದೆಯಲ್ಲ, ಯಾವ ಮಳೆ ಅದು ಎಂದು ಕೇಳಲು ಈ ಕಾಗದ ಶುರು ಮಾಡಿದ್ದು. ಆದರೆ ಗಂಡನ ಮನೆಯಿಂದ ಹೆಣ್ಣುಮಕ್ಕಳು ತೌರಿಗೆ ಬರೆಯುವ ಕಾಗದದಲ್ಲಿ ಯಾವ ಕಾಲದಲ್ಲಿ ಮಳೆ ಬಂದಿಲ್ಲ? ನಿನ್ನ ಸೋದರತ್ತೆ ಕೂಡ ಬರೆಯುತ್ತಿದ್ದದ್ದು ಹಾಗೆಯೇ. ಅದು ಬರಿಯ ಮರ್ಯಾದೆಯ ಮಾತೆಂದು ನನಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ನಂಬಿದೆ. ನಂಬಿದರೆ ಹೊರಡುವ ಕೆಲಸ ತಪ್ಪುತ್ತಿತ್ತು.

ಇನ್ನೊಂದು ಇದೆ, ಅದನ್ನು ನಿಮ್ಮವ್ವನಿಗೂ ಹೇಳಿಲ್ಲ. ಆಗಸ್ಟ್ ೧೩ರಂದು ಅಜ್ಜಂಪುರಕ್ಕೆ ಹೋಗಲು ಬೀರೂರಿನಲ್ಲಿ ರೈಲು ಬದಲಾಯಿಸಿದೆ. ತರೀಕೆರೆಯಲ್ಲಿ ಕೊಡೆ ಹಿಡಿದು ರೈಲು ಹತ್ತಿದವನು ಬೀರೂರಿನಲ್ಲಿ ಇಳಿದಾಗ ಬಿಸಿಲಿಗೆ ಅದೇ ಕೊಡೆ ಬಿಚ್ಚಿದೆ. ಪ್ಲಾಟ್‌ಫಾರಂ ಮೇಲೆ ಮಣ್ಣು ಸುತ್ತುತ್ತಿತ್ತು. ನೀನು ಬರೆದಿದ್ದ ಗಾಳಿಯ ಮಾತು ಆಗ ನೆನಪಿಗೆ ಬಂತು. ಕಡೂರಿನ ಕಡೆಗೆ ಹೋಗುವ ಗಾಡಿ ಎದುರಿಗೇ ನಿಂತಿತ್ತು, ಕಡೂರು ಮುಂದಿನ ಸ್ಟೇಷನ್ನು. ಒಂದು ಗಳಿಗೆ ಕಾಲು ಆ ಕಡೆ ಎಳೆಯಿತು. ಸಭೆಗೆ ಹೊತ್ತಾಗುತ್ತದೆ, ಹಿಂದಿರುಗುವಾಗ ನೋಡಿದರಾಯಿತು ಎಂದುಕೊಂಡೆ.

ಅಜ್ಜಂಪುರದಲ್ಲಿ ನಾನು ಎರಡು ಗಂಟೆ ಮಾತಾಡಿದ್ದು ಯಾವುದರ ಮೇಲೆ ಗೊತ್ತೇ? ಋತು ಎಂಬುದು ಪಂಚಾಂಗದಲ್ಲಿ ಇಲ್ಲ, ನೆಲದ ಮೇಲೆ ಇದೆ. ನೀರಿನ ಸೀಮೆಯ ಶ್ರಾವಣ ಬೇರೆ, ಒಣ ಸೀಮೆಯ ಶ್ರಾವಣ ಬೇರೆ. ದೇಶ ನೋಡದೆ ಪಥ್ಯ ಹೇಳುವವನು ವೈದ್ಯನಲ್ಲ ಎಂದು. ಜನ ತಲೆದೂಗಿದರು. ಶಾಲು ಹೊದಿಸಿದರು. ಆ ಹೊತ್ತಿಗೆ ನಿಮ್ಮತ್ತೆ ಅಂಗಾಲು ಉರಿ ಎಂದು ಹೊರಳುತ್ತಿದ್ದರು. ಹಿಂದಿರುಗುವಾಗ ಮೈ ದಣಿದಿತ್ತು, ಬೀರೂರಿನಿಂದ ನೇರವಾಗಿ ತರೀಕೆರೆಯ ಗಾಡಿ ಹತ್ತಿದೆ.

ಗಣಾರಾಧನೆಯ ದಿನ ನಿನ್ನ ಗಂಡ ಆ ಚೀಟಿಯನ್ನು ಗೂಡಿನಿಂದ ತೆಗೆದು, ವಿಭೂತಿ ಹಚ್ಚಿದ್ದನ್ನು, ಬಂಧುಗಳ ಮುಂದೆ ಹಿಡಿದು "ಇದು ನಮ್ಮ ಮಾವನವರ ಕೈಬರಹ" ಎಂದರು. ಅವರಿಗೆ ನಾನು ನಿಜ ಹೇಳಬೇಕು. ಹೇಳುವ ಮೊದಲು ನಿನಗೆ ತಿಳಿಸುತ್ತಿದ್ದೇನೆ, ಏಕೆಂದರೆ ಆ ಮನೆಯಲ್ಲಿ ಬಾಳುವವಳು ನೀನು.

ಅಪ್ಪ


ದೇವನೂರು
ಆಶ್ವಯುಜ ಶುದ್ಧ, ತಾ. ೮ ಅಕ್ಟೋಬರ್ ೧೯೧೩

ಅಪ್ಪಾಜಿ,

ನಿಮ್ಮ ಕಾಗದವನ್ನು ಕೊಟ್ಟಿಗೆಯಲ್ಲಿ ಕೂತು ಓದಿ ಆಮೇಲೆ ಒಲೆಗೆ ಹಾಕಿದೆ.

ಮಳೆ ಬೆಳೆ ಚೆನ್ನಾಗಿದೆ ಎಂಬ ಸಾಲನ್ನು ಮೊದಲ ಸಲ ಬರೆಯುವಾಗ ನಾನು ಕೈ ತಡೆದಿದ್ದೆ. "ಇದೇನ್ ಅತ್ತೆ, ಹನಿ ಬಿದ್ದಿಲ್ವಲ್ಲ" ಎಂದೆ. "ಬಿದ್ದಿಲ್ಲ ಅಂತ ತೌರಿಗೆ ಬರೀತಾರೇನವ್ವ. ಹೊಟ್ಟೆಗಿಲ್ಲದ ಮನೇಗೆ ಮಗಳ್ನ ಕೊಟ್ವಿ ಅಂತ ನಿಮ್ಮವ್ವ ಅಳಾಕಿಲ್ವ. ಬರಿ, ಇವತ್ತಲ್ಲ ನಾಳೆ ಬತ್ತೈತೆ" ಎಂದರು. ಬರೆದೆ. ಅದು ಔಷಧಿಗೆ ಸಂಬಂಧಿಸಿದ ಮಾತೆಂದು ನನಗೆ ಹೊಳೆಯಲಿಲ್ಲ. ವೈದ್ಯರ ಮಗಳಾಗಿ ಹೊಳೆಯಬೇಕಾಗಿತ್ತು. ಚಿಕ್ಕವಳಿದ್ದಾಗ ಬಂದ ರೋಗಿಗಳನ್ನೆಲ್ಲ ನೀವು ಮೊದಲು ಕೇಳುತ್ತಿದ್ದದ್ದು ಯಾವ ಊರು ಎಂದು.

ಎರಡನೆಯ ಕಾಗದದ ಹೊತ್ತಿಗೆ ಹೊಳೆದಿತ್ತು. ಅವತ್ತೂ ಅತ್ತೆ ಪಕ್ಕದಲ್ಲಿದ್ದರು, ಇವರೂ ಇದ್ದರು. ಗಾಳಿ, ಮಣ್ಣು ಎಂದು ಬರೆದರೆ ನಿಮಗೆ ಅರ್ಥವಾಗುತ್ತದೆ ಎಂದುಕೊಂಡೆ. ಕಾಗದ ಮಡಿಸುವಾಗ ಅಂಚಿನಲ್ಲಿ ಒಂದು ಸಾಲು, ಮಳೆ ಇಲ್ಲ ಎಂದು, ಕದ್ದು ಬರೆದಿದ್ದರೆ ಆಗಿತ್ತು. ಸೀಸದಕಡ್ಡಿ ಕೈಯಲ್ಲೇ ಇತ್ತು. ಕದ್ದು ಬರೆಯುವ ಸೊಸೆ ಎನಿಸಿಕೊಳ್ಳಬಾರದು ಎಂಬ ಅಭಿಮಾನ ಅಡ್ಡ ಬಂತು. ನಿಮ್ಮ ಕಾರ್ಡು ಬಂದು ಮಜ್ಜಿಗೆ ಕೂಡದು ಎಂದಾಗ ನನಗೆ ಭಯವೂ ಆಯಿತು, ಸಮಾಧಾನವೂ ಆಯಿತು. ಇನ್ನು ಜವಾಬ್ದಾರಿ ನಿಮ್ಮದು ಎನ್ನಿಸಿತು. ಆ ಸಮಾಧಾನ ನೆನಪಾದಾಗಲೆಲ್ಲ ತಟ್ಟೆ ಬಿಟ್ಟು ಏಳುತ್ತೇನೆ.

ಒಂದು ದಿನ ಕದ್ದು ಒಂದು ಲೋಟ ಮಜ್ಜಿಗೆ ತಂದು ಕೊಟ್ಟೆ. ಮೂಗಿನ ಹತ್ತಿರ ಹಿಡಿದು, ವಾಸನೆ ನೋಡಿ, ನಕ್ಕು ಹಿಂದಕ್ಕೆ ಕೊಟ್ಟರು. "ನಿಮ್ಮಪ್ಪಂಗೆ ನಾನು ಮಾತು ಕೊಟ್ಟಿವ್ನಿ ಕಣೇ" ಎಂದರು.

ಅಪ್ಪಾಜಿ, ಇವರಿಗೆ ಹೇಳಬೇಡಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ. ಬಂದವರ ಮುಂದೆಲ್ಲ ಇವರದು ನಿಮ್ಮ ಮಾತೇ. ಅತ್ತೆ ಹೋದ ಮೇಲೆ ಇವರಿಗೆ ಆಸರೆಯಾಗಿ ಇರುವುದು ಅದೊಂದೇ ಎಂದು ಕೆಲವು ಸಲ ತೋರುತ್ತದೆ. ಅದು ಹೋದರೆ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೋ ಗೊತ್ತಿಲ್ಲ. ತಾಯಿಯ ಜೀವ ಕಳೆದವಳು ಎಂದಲ್ಲದಿದ್ದರೆ, ಕಳೆದವನ ಮಗಳು ಎಂದು.

ಅವ್ವನಿಗೆ ಒಂದು ಮಾತು ಹೇಳಿ, ನನಗೆ ಐದು ತಿಂಗಳು. ಸಂಕಟದ ನಡುವೆ ಹೇಳಲು ನಾಚಿಕೆಯಾಯಿತು. ಚಳಿಗಾಲಕ್ಕೆ ನನ್ನ ಊಟ ಉಪಚಾರ ಹೇಗಿರಬೇಕೆಂದು ನಿಮ್ಮಿಂದ ಚೀಟಿ ತರಿಸಬೇಕೆಂದು ಇವರು ದಿನಾ ಹೇಳುತ್ತಿದ್ದಾರೆ. ಗೂಡಿನಲ್ಲಿ ಜಾಗ ಮಾಡಿದ್ದಾರೆ.

ಇಲ್ಲಿ ಮಳೆ ಇಲ್ಲ.

ಕರಿಬಸಮ್ಮ


ತರೀಕೆರೆ
ಕಾರ್ತಿಕ ಶುದ್ಧ, ತಾ. ೩೦ ಅಕ್ಟೋಬರ್ ೧೯೧೩

ಚಿ. ಷಡಕ್ಷರಿಯವರಿಗೆ ಪಂಚಾಕ್ಷರಪ್ಪನ ಆಶೀರ್ವಾದ.

ಕರಿಬಸಮ್ಮನ ವಿಷಯ ತಿಳಿದು ಇಲ್ಲಿ ಸಂತೋಷವಾಯಿತು. ಅವಳಿಗೆ ಚಳಿಗಾಲದ ಚೀಟಿ ಬೇಕೆಂದು ಕೇಳಿದ್ದೀರಿ. ಮೂರು ಸಲ ಬರೆಯಲು ಕೂತೆ. ನಿಮ್ಮ ತಾಯಿಯವರಿಗೆ ಬರೆದ ಚೀಟಿಯ ವಿಷಯ ಹೇಳದೆ ಇದನ್ನು ಬರೆಯಲು ನನ್ನಿಂದ ಆಗಲಿಲ್ಲ. ಹೇಳಬೇಡಿ ಎಂದು ಬೇಡಿಕೊಂಡವರಿದ್ದಾರೆ. ಅವರ ಮಾತು ಮೀರುತ್ತಿದ್ದೇನೆ, ಆ ತಪ್ಪೂ ನನ್ನ ತಲೆಯ ಮೇಲಿರಲಿ.

ನಾನು ಬರೆದುಕೊಟ್ಟ ಪಥ್ಯ ತಪ್ಪು. ಅದು ಮಳೆಯಿರುವ ಊರಿಗೆ ಸರಿ, ಮಳೆಯಿಲ್ಲದ ನಿಮ್ಮ ಊರಿಗೆ ವಿಷ. ನಿಮ್ಮ ಸೀಮೆಯಲ್ಲಿ ಮಳೆ ಇಲ್ಲವೆಂದು ಆಗಸ್ಟ್ ತಿಂಗಳಲ್ಲಿ ಬೀರೂರಿನ ಪ್ಲಾಟ್‌ಫಾರಂ ಮೇಲೆ ನಿಂತು ನನ್ನ ಕಣ್ಣಿನಿಂದಲೇ ನೋಡಿದೆ. ಅವತ್ತೇ ಕಡೂರಿಗೆ ಬಂದಿದ್ದರೆ, ಕಡೆಗೆ ಒಂದು ಕಾರ್ಡು ಬರೆದು ನೀರು ಮಜ್ಜಿಗೆ ಬೇಕಾದಷ್ಟು ಕೊಡಿ ಎಂದಿದ್ದರೆ, ಬೀಗಿತ್ತಿ ಉಳಿಯುತ್ತಿದ್ದರೋ ಏನೋ. ನಾನು ಶಾಲು ಹೊದೆಯಲು ಅಜ್ಜಂಪುರಕ್ಕೆ ಹೋದೆ.

ಅವರು ಕಷ್ಟಪಟ್ಟದ್ದು ನನ್ನ ಮಾತಿನ ಮೇಲಿನ ನಂಬಿಕೆಯಿಂದ. ನೀವು ನನ್ನನ್ನು ಹೊಗಳಿದ ಒಂದೊಂದು ಮಾತೂ ನನಗೆ ಸಲ್ಲದ್ದು. ಆ ಚೀಟಿಯನ್ನು ಗೂಡಿನಿಂದ ತೆಗೆದುಬಿಡಿ. ನನ್ನನ್ನು ಏನೆಂದರೂ ಕೇಳುತ್ತೇನೆ. ನನ್ನ ಮಗಳನ್ನು ಮಾತ್ರ ಏನೂ ಅನ್ನಬೇಡಿ, ಇದರಲ್ಲಿ ಅವಳ ಪಾಲು ಏನೂ ಇಲ್ಲ.

ಪಂಚಾಕ್ಷರಪ್ಪ


ದೇವನೂರು
ಕಾರ್ತಿಕ ಶುದ್ಧ, ತಾ. ೧೨ ನವೆಂಬರ್ ೧೯೧೩

ಪೂಜ್ಯ ಮಾವನವರಿಗೆ ಷಡಕ್ಷರಿಯ ಶರಣಾರ್ಥಿಗಳು.

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಹೊಲದಲ್ಲಿ ಓದಿದೆ, ಮನೆಗೆ ಒಯ್ಯಲಿಲ್ಲ. ಮೊದಲ ಎರಡು ದಿನ ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ನೀವು ತಪ್ಪು ಮಾಡಿದಿರಿ ಎಂದಲ್ಲ. ಅದನ್ನು ನನಗೆ ಬರೆದು ತಿಳಿಸಿದಿರಿ ಎಂದು.

ನಿಮ್ಮ ಮಗಳ ಪಾಲು ಏನೂ ಇಲ್ಲ ಎಂದು ಬರೆದಿದ್ದೀರಿ. ಆ ಕಾಗದಗಳನ್ನು ಅವ್ವನಿಗೆ ಓದಿ ಹೇಳುವಾಗ ನಾನೂ ಅಲ್ಲೇ ಕೂತಿದ್ದೆ, ಮಳೆ ಬೆಳೆ ಚೆನ್ನಾಗಿದೆ ಎಂಬುದನ್ನು ಕೇಳಿ ನಕ್ಕಿದ್ದೆ. ಅವಳನ್ನು ನಾನು ಏನೂ ಅನ್ನುವುದಿಲ್ಲ. ಅನ್ನುವ ಯೋಗ್ಯತೆ ನನಗಿಲ್ಲ ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮಳೆ ಇಲ್ಲ ಎಂದು ತಿಳಿಯಲು ನೀವು ಬೀರೂರಿನಲ್ಲಿ ಇಳಿಯಬೇಕಾಯಿತು. ನಾನು ದಿನ ಬೆಳಗಾದರೆ ಆ ಮಣ್ಣಿನಲ್ಲೇ ನಿಂತಿದ್ದವನು. ಎತ್ತಿಗೆ ಬಾಯಾರಿದರೆ ನನಗೆ ತಿಳಿಯುತ್ತದೆ, ನೊಗ ಬಿಚ್ಚಿ ನೀರಿಗೆ ಬಿಡುತ್ತೇನೆ. ಅವ್ವ ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ, ಇವಳು ಬಾವಿಗೆ ಹೋಗಿದ್ದಳು. ಅವತ್ತಿನ ಎರಡು ಚೊಂಬು ಬೆಳಿಗ್ಗೆಯೇ ಮುಗಿದಿತ್ತು. ಅವ್ವ ನನ್ನ ಕೈ ಹಿಡಿದುಕೊಂಡು "ಒಂದ್ ಗುಟುಕು ಕೊಡಪ್ಪ, ಯಾರ್ಗೂ ಗೊತ್ತಾಗಾಕಿಲ್ಲ" ಎಂದಳು. ನನ್ನ ಅವ್ವ ಯಾರನ್ನೂ, ಏನನ್ನೂ ಹಾಗೆ ಬೇಡಿದವಳಲ್ಲ. ನಾನು "ಬೀಗರು ಬ್ಯಾಡ ಅಂದವ್ರೆ ಕಣವ್ವ, ನಾಳೆ ಬೆಳಿಗ್ಗೆ ಕುಡೀವಂತೆ" ಎಂದೆ. ಅಷ್ಟು ಹೇಳಿ, ಅವಳ ಕೈಗೆ ಎಟುಕದ ಹಾಗೆ ನೀರಿನ ಬಿಂದಿಗೆಯನ್ನು ಎತ್ತಿ ಅಡಿಗೆಮನೆಯಲ್ಲಿ ಇಟ್ಟುಬಂದೆ. "ಆಗ್ಲಿ ಬಿಡಪ್ಪ" ಎಂದಳು. ಸಂಜೆಗೆ ಜ್ವರ ಏರಿತು. ಮತ್ತೆ ನನ್ನನ್ನು ಏನೂ ಕೇಳಲಿಲ್ಲ.

ಅವ್ವ ಹೋದಂದಿನಿಂದ ನಾನು ನಿಮ್ಮನ್ನು ಹೊಗಳಿಕೊಂಡು ತಿರುಗಿದ್ದು ಇದಕ್ಕೇ. ನಿಮ್ಮ ಪಥ್ಯ ಸರಿಯಾಗಿತ್ತು ಎಂದಾದರೆ ನಾನು ನೀರು ಕೊಡದೆ ಇದ್ದದ್ದೂ ಸರಿಯಾಗುತ್ತದೆ. ಅದೊಂದನ್ನು ಹಿಡಿದುಕೊಂಡು ಇಷ್ಟು ದಿನ ಉಂಡೆ, ಮಲಗಿದೆ. ನೀವು ನಿಮ್ಮ ಭಾರ ಇಳಿಸಿಕೊಳ್ಳಲು ಬರೆದಿರಿ. ನನ್ನ ಕೈಯಲ್ಲಿದ್ದದ್ದು ಹೋಯಿತು. ನೀವು ಬರೆದದ್ದು ತಪ್ಪು ಎಂದು ಹೇಳುತ್ತಿಲ್ಲ, ಬರೆಯಲೇಬೇಕಾಗಿತ್ತು. ಆದರೂ ನಿಮಗೆ ತಿಳಿದಿರಲಿ.

ಚೀಟಿಯನ್ನು ತೆಗೆದಿದ್ದೇನೆ. ಯಾಕೆ ಎಂದು ಇವಳು ಕೇಳಿದಳು, ಎತ್ತಿಗೆ ಹುಲ್ಲು ಹಾಕುವ ನೆಪ ಮಾಡಿ ಎದ್ದುಹೋದೆ. ಅವ್ವ ನೀರು ಕೇಳಿದ್ದು ಇವಳಿಗೆ ಗೊತ್ತಿಲ್ಲ. ನನ್ನ ಮನಸ್ಸಿನಲ್ಲಿ ನೀವು ದೊಡ್ಡವರಾಗಿಯೇ ಇದ್ದೀರಿ ಎಂದುಕೊಂಡು, ನಿಜ ತಿಳಿದರೆ ಏನಾಗುವುದೋ ಎಂದು ಇವಳು ಒಳಗೊಳಗೇ ಹೆದರಿ ಸವೆಯುತ್ತಿದ್ದಾಳೆ ಎಂಬುದು ನಿಮ್ಮ ಕಾಗದ ಓದಿದ ಮೇಲೆ ನನಗೆ ಹೊಳೆಯಿತು. ಬಸುರಿ ಹೆಂಗಸು. ಇದನ್ನು ನಾನೇ ಇವಳಿಗೆ ಹೇಳಬೇಕು, ನೀವು ಪಕ್ಕದಲ್ಲಿದ್ದರೆ ಹೇಳಿಯೇನು.

ಏಳನೇ ತಿಂಗಳಿಗೆ ಇವಳನ್ನು ತೌರಿಗೆ ಕರೆದುಕೊಂಡು ಹೋಗಬೇಕಲ್ಲ, ಬೇರೆ ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ. ಇವಳು ಏನು ತಿನ್ನಬೇಕು, ಎಷ್ಟು ಕುಡಿಯಬೇಕು ಎಂಬುದನ್ನು ಇಲ್ಲಿಯ ಬಿಸಿಲಿನಲ್ಲಿ ನಿಂತು, ಇವಳ ನಾಡಿ ಹಿಡಿದು ಹೇಳಿ. ಕಡೂರಿಗೆ ಬೆನಕಪ್ಪನನ್ನು ಕಳಿಸುವುದಿಲ್ಲ, ಗಾಡಿ ನಾನೇ ಹೊಡೆದುಕೊಂಡು ಬರುತ್ತೇನೆ. ದಾರಿಯಲ್ಲಿ ಇಬ್ಬರೇ ಇರುತ್ತೇವೆ. ನನಗೆ ಸಮಾಧಾನ ಹೇಳಬೇಡಿ ಮಾವ, ನಾನೂ ನಿಮಗೆ ಹೇಳುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಬನ್ನಿ.

ನಿಮ್ಮ ಅಳಿಯ,
ಷಡಕ್ಷರಿ